ಮಡಿಕೆ ಬಿರಿಯದಂತೆ, ಪುಟ ಉಬ್ಬದಂತೆ, ಮುಚ್ಚಳ ಸರಿಯಾಗಿ ಕೂರುವಂತೆ

ಪ್ರಶ್ನೆ: ಕೆಲವು ಕಾಲದಿಂದ ಸ್ಕ್ರ್ಯಾಪ್‌ಬುಕ್ ಪುಟಗಳು, ಶುಭಾಶಯ ಕಾರ್ಡುಗಳು ಮತ್ತು ಸಣ್ಣ ಉಡುಗೊರೆ ಡಬ್ಬಿಗಳನ್ನು ಕೈಯಾರೆ ಮಾಡುತ್ತಿದ್ದೇನೆ. ದಪ್ಪ ಕಾಗದದ ಕಾರ್ಡನ್ನು ಮಡಿಸಿದರೆ ಮಡಿಕೆಯ ಉದ್ದಕ್ಕೂ ಬಣ್ಣ ಬಿರಿದು ಬಿಳಿ ಗೆರೆ ಕಾಣಿಸುತ್ತದೆ. ಫೋಟೊ ಅಂಟಿಸಿದ ಪುಟ ಒಣಗಿದ ಮೇಲೆ ಅಲೆ ಅಲೆಯಾಗಿ ಉಬ್ಬುತ್ತದೆ. ಡಬ್ಬಿಯ ಮುಚ್ಚಳ ಒಂದೋ ತೀರಾ ಬಿಗಿಯಾಗುತ್ತದೆ, ಇಲ್ಲವೇ ಜಾರಿ ಬೀಳುತ್ತದೆ. ಇದನ್ನೆಲ್ಲ ಸರಿಪಡಿಸಲು ಕಾಗದ ಕತ್ತರಿಸುವ ಯಂತ್ರ ಕೊಳ್ಳಬೇಕೇ? ತೆರೆದಾಗ ಒಳಗಿನ ಆಕೃತಿ ಎದ್ದು ನಿಲ್ಲುವಂಥ ಕಾರ್ಡಿಗೆ ಸುಲಭ ವಿಧಾನವೊಂದನ್ನೂ ತಿಳಿಸಿ.

ಉತ್ತರ: ನೀವು ಹೇಳಿರುವ ಮೂರು ತೊಂದರೆಗಳು ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಅವುಗಳ ಮೂಲ ಒಂದೇ ಕಡೆ ಇದೆ. ಕಾಗದದೊಳಗಿನ ನಾರು ಯಾವ ದಿಕ್ಕಿಗೆ ಮಲಗಿದೆ, ಕಾಗದ ಎಷ್ಟು ದಪ್ಪವಿದೆ, ನೀರು ತಾಗಿದಾಗ ಅದು ಹೇಗೆ ಹಿಗ್ಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೆಲಸ ಶುರು ಮಾಡಿದರೆ ಕೈ ಎಷ್ಟೇ ಪಳಗಿದ್ದರೂ ಫಲಿತಾಂಶ ಹೀಗೆಯೇ ಬರುತ್ತದೆ. ಕತ್ತರಿಸುವ ಯಂತ್ರ ನಿಮ್ಮ ಪರವಾಗಿ ಕತ್ತರಿಸಬಲ್ಲದೇ ಹೊರತು ಈ ಮೂರನ್ನೂ ಲೆಕ್ಕ ಹಾಕಿ ಕೊಡಲಾರದು. ಆದ್ದರಿಂದ ಯಂತ್ರದ ಮಾತನ್ನು ಕೊನೆಗಿಟ್ಟುಕೊಂಡು ಕಾಗದದಿಂದಲೇ ಆರಂಭಿಸೋಣ.

ಯಂತ್ರದಲ್ಲಿ ತಯಾರಾಗುವ ಕಾಗದಕ್ಕೆ ನಾರಿನ ತಿರುಳನ್ನು ನೀರಿನಲ್ಲಿ ಕದಡಿ, ಓಡುತ್ತಿರುವ ಜಾಲರಿಯ ಮೇಲೆ ಹರಿಸುತ್ತಾರೆ. ಹೀಗೆ ಹರಿಯುವಾಗ ಹೆಚ್ಚಿನ ನಾರುಗಳು ಜಾಲರಿ ಓಡುವ ದಿಕ್ಕಿಗೇ ಸಾಲುಗೂಡುತ್ತವೆ. ಹಾಗಾಗಿ ಹಾಳೆಯನ್ನು ನಾರಿನ ಉದ್ದಕ್ಕೆ ಸಮಾನಾಂತರವಾಗಿ ಮಡಿಸಿದರೆ ಮಡಿಕೆ ನಾರುಗಳ ನಡುವೆ ಸಲೀಸಾಗಿ ಬೀಳುತ್ತದೆ. ಅಡ್ಡವಾಗಿ ಮಡಿಸಿದರೆ ನಾರುಗಳೇ ಮುರಿದು ಮೇಲ್ಪದರ ಬಿರಿಯುತ್ತದೆ. ನಿಮಗೆ ಕಾಣುವ ಬಿಳಿ ಗೆರೆ ಹೀಗೆ ಬಿರಿದ ಮೇಲ್ಪದರದ ಕೆಳಗಿನ ತಿರುಳು. ದಿಕ್ಕನ್ನು ಕಂಡುಹಿಡಿಯಲು ಹಾಳೆಯನ್ನು ಗೆರೆ ಬೀಳದಂತೆ ಹಗುರವಾಗಿ ಬಾಗಿಸಿ ಅಂಗೈಯಿಂದ ಒತ್ತಿ ನೋಡಿ. ಬಳಿಕ ಇನ್ನೊಂದು ದಿಕ್ಕಿಗೂ ಹಾಗೆಯೇ ಮಾಡಿ. ಯಾವ ಬಾಗುವಿಕೆ ಕೈಗೆ ಕಡಿಮೆ ಪ್ರತಿರೋಧ ಒಡ್ಡುತ್ತದೆಯೋ ಆ ಬಾಗಿನ ಗೆರೆಗೆ ನಾರು ಸಮಾನಾಂತರವಾಗಿರುತ್ತದೆ. ಸಣ್ಣ ತುಂಡಿನಲ್ಲಿ ಇದು ತಿಳಿಯದಿದ್ದರೆ ಅದರ ಒಂದು ಮುಖವನ್ನು ಮಾತ್ರ ಸ್ವಲ್ಪ ಒದ್ದೆ ಮಾಡಿ. ಅದು ಕೊಳವೆಯಂತೆ ಸುರುಳಿಗೊಳ್ಳುತ್ತದೆ, ಆ ಕೊಳವೆಯ ಉದ್ದವೇ ನಾರಿನ ದಿಕ್ಕು. ಕೈಯಲ್ಲಿ ಅಚ್ಚಿನಿಂದ ಎತ್ತಿದ ಕಾಗದದಲ್ಲಿ ನಾರುಗಳು ಎಲ್ಲ ದಿಕ್ಕಿಗೂ ಚದುರಿರುವುದರಿಂದ ಅಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ಇದರ ಪರಿಣಾಮ ಕಾರ್ಡಿನ ಅಳತೆಯ ಮೇಲೆ ನೇರವಾಗಿ ಆಗುತ್ತದೆ. ಎ4 ಹಾಳೆ 210 × 297 ಮಿ.ಮೀ. ಇರುತ್ತದೆ. ಅದರಲ್ಲಿ ನಾರು ಉದ್ದನೆಯ ಬದಿಯ ದಿಕ್ಕಿಗಿದೆ ಎಂದಿಟ್ಟುಕೊಳ್ಳಿ. ಆ ಹಾಳೆಯನ್ನು ನೇರವಾಗಿ ಎರಡು ಮಡಿಕೆ ಮಾಡಿ ಎ5 ಗಾತ್ರದ ಕಾರ್ಡ್ ಮಾಡಿದರೆ ಮಡಿಕೆಯ ಗೆರೆ ನಾರಿಗೆ ಅಡ್ಡಲಾಗಿ ಬೀಳುತ್ತದೆ, ಬಿರಿಯುತ್ತದೆ. ಅದೇ ಹಾಳೆಯನ್ನು ಮೊದಲು ಎರಡು ಎ5 ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಮಡಿಸಿ 105 × 148 ಮಿ.ಮೀ. ಅಳತೆಯ ಎ6 ಕಾರ್ಡ್ ಮಾಡಿದರೆ ಮಡಿಕೆ ನಾರಿನ ಉದ್ದಕ್ಕೇ ಬಂದು ಚೊಕ್ಕಟವಾಗಿ ಕೂರುತ್ತದೆ. ಒಂದೇ ಕಟ್ಟಿನ ಕಾಗದದಲ್ಲಿ ದೊಡ್ಡ ಕಾರ್ಡ್ ಕೆಟ್ಟು ಚಿಕ್ಕ ಕಾರ್ಡ್ ಚೆನ್ನಾಗಿ ಬರುವುದಕ್ಕೆ ಬಹಳ ಸಲ ಇದೇ ಕಾರಣ, ಆದರೆ ಜನ ಕಾಗದವನ್ನು ದೂರುತ್ತಾರೆ.

ಕಾಗದದ ತೂಕವನ್ನು ಜಿ.ಎಸ್.ಎಂ., ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಮುದ್ರಣಕ್ಕೆ ಬಳಸುವ ಸಾಮಾನ್ಯ ಹಾಳೆ 75ರಿಂದ 80 ಜಿ.ಎಸ್.ಎಂ. ಇರುತ್ತದೆ. ಕಾರ್ಡಿನ ಒಳಹಾಳೆಗೆ 100ರಿಂದ 120, ಕಾರ್ಡಿನ ಮೈಗೆ 200ರಿಂದ 250, ಡಬ್ಬಿಗೆ 250ರಿಂದ 300 ಸಾಕು. ಹೆಚ್ಚು ದಪ್ಪವಾದಷ್ಟೂ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ. 300ನ್ನು ಮೀರಿದ ಹಾಳೆ ರಟ್ಟಿನ ಗುಣ ತಾಳತೊಡಗುತ್ತದೆ, ಅದರ ಮಡಿಕೆಗೆ ಬೇರೆಯದೇ ಸಿದ್ಧತೆ ಬೇಕಾಗುತ್ತದೆ.

ನಾರಿನ ದಿಕ್ಕು ಸರಿಯಾಗಿದ್ದರೂ 160 ಜಿ.ಎಸ್.ಎಂ. ದಾಟಿದ ಯಾವ ಹಾಳೆಯನ್ನೂ ಬರಿಗೈಯಲ್ಲಿ ಮಡಿಸಬಾರದು ಎಂಬುದು ನನ್ನ ಅಭಿಪ್ರಾಯ. ಮಡಿಸುವ ಮುನ್ನ ಮೊಂಡ ಮೊನೆಯಿಂದ ಒತ್ತುಗೆರೆ ಎಳೆದುಕೊಳ್ಳಬೇಕು. ಸ್ಕೋರಿಂಗ್ ಎನ್ನುವುದು ಇದನ್ನೇ. ಇದಕ್ಕೆಂದೇ ಮೂಳೆಯ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ಪಟ್ಟಿ ಸಿಗುತ್ತದೆ, ಆದರೆ ಶಾಯಿ ಮುಗಿದ ಬಾಲ್‌ಪೆನ್ ಅಥವಾ ಹೆಣಿಗೆ ಕಡ್ಡಿಯ ತುದಿಯೂ ಅದೇ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಹಾಳೆಯ ಕೆಳಗೆ ಹಳೆಯ ಪತ್ರಿಕೆಯ ನಾಲ್ಕಾರು ಪುಟಗಳಂಥ ಸ್ವಲ್ಪ ಮೆತ್ತನೆಯ ಆಸರೆ ಇರಲಿ, ಲೋಹದ ಸ್ಕೇಲನ್ನು ಗಟ್ಟಿಯಾಗಿ ಹಿಡಿದು ಒಂದೇ ಸಲ ಬಲವಾಗಿ ಎಳೆಯುವ ಬದಲು ಎರಡು ಮೂರು ಸಲ ಹಗುರವಾಗಿ ಎಳೆಯಿರಿ. ಉದ್ದೇಶ ಕಾಗದವನ್ನು ಕೊಯ್ಯುವುದಲ್ಲ, ಆ ಗೆರೆಯಲ್ಲಿ ನಾರುಗಳನ್ನು ಒತ್ತಿ ಸಡಿಲಗೊಳಿಸುವುದು.

ಇಲ್ಲಿ ಹೆಚ್ಚಿನವರು ಎಡವುವುದು ಯಾವ ಕಡೆಗೆ ಮಡಿಸಬೇಕು ಎಂಬಲ್ಲಿ. ಒತ್ತುಗೆರೆ ಎಳೆದಾಗ ಒಂದು ಮುಖದಲ್ಲಿ ತಗ್ಗು, ಇನ್ನೊಂದು ಮುಖದಲ್ಲಿ ಸಣ್ಣ ಏಣು ಮೂಡುತ್ತದೆ. ತಗ್ಗಿನೊಳಕ್ಕೆ ಮಡಿಸುವುದೇ ಸಹಜವೆಂದು ತೋರುತ್ತದೆ, ಆದರೆ ಏಣು ಮಡಿಕೆಯ ಒಳಗೆ ಬರುವಂತೆ, ತಗ್ಗು ಹೊರಗೆ ಉಳಿಯುವಂತೆ ಮಡಿಸಿದಾಗಲೇ ಹೊರಪದರದ ಮೇಲಿನ ಎಳೆತ ಕಡಿಮೆಯಾಗುತ್ತದೆ. ಆದ್ದರಿಂದ ಕಾರ್ಡಿನ ಒತ್ತುಗೆರೆಯನ್ನು ಹೊರಮುಖದ ಮೇಲೆ ಎಳೆಯಬೇಕು. ಮಡಿಸಿದ ಬಳಿಕ ಮಡಿಕೆಯ ಮೇಲೆ ಬೇರೊಂದು ತುಂಡು ಕಾಗದವಿಟ್ಟು ಉಜ್ಜಿ, ನೇರವಾಗಿ ಉಜ್ಜಿದರೆ ಅಲ್ಲಿ ಹೊಳಪಿನ ಪಟ್ಟಿ ಉಳಿದುಬಿಡುತ್ತದೆ. ಇಷ್ಟಾದ ಮೇಲೂ ಬಿಳಿ ಗೆರೆ ಬಂದರೆ ನಿಮ್ಮ ಕಾಗದಕ್ಕೆ ಮೇಲ್ಮೈಯಲ್ಲಿ ಮಾತ್ರ ಬಣ್ಣವಿದೆ, ತಿರುಳು ಬಿಳಿಯಾಗಿದೆ ಎಂದರ್ಥ. ಗಾಢ ಬಣ್ಣದ ಕಾರ್ಡುಗಳಿಗೆ ತಿರುಳಿನವರೆಗೂ ಬಣ್ಣ ಇಳಿದಿರುವ ಕಾಗದವನ್ನೇ ಆರಿಸಿ. ಅಂಚನ್ನು ಹರಿದು ನೋಡಿದರೆ ಒಳಬಣ್ಣ ತಕ್ಷಣ ಗೊತ್ತಾಗುತ್ತದೆ.

ಲಕೋಟೆಯ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎ6 ಕಾರ್ಡಿಗೆ ಸಿ6 ಲಕೋಟೆ ಹೊಂದುತ್ತದೆ. ಅದರ ಅಳತೆ 114 × 162 ಮಿ.ಮೀ. ಒಳಹಾಳೆಯನ್ನು ತೆರೆದ ಕಾರ್ಡಿಗಿಂತ ಉದ್ದಗಲಗಳಲ್ಲಿ ನಾಲ್ಕೈದು ಮಿ.ಮೀ. ಚಿಕ್ಕದಾಗಿ ಕತ್ತರಿಸಿ, ಮಡಿಕೆಯ ಪಕ್ಕದಲ್ಲಿ ಒಂದೇ ಬದಿಗೆ ಸಣ್ಣ ಪಟ್ಟಿಯಷ್ಟು ಅಂಟು ಹಚ್ಚಿದರೆ ಸಾಕು. ಪೂರ್ತಿ ಅಂಟಿಸಿದರೆ ಕಾರ್ಡ್ ಮುಚ್ಚಿದಾಗ ಒಳಹಾಳೆ ಸುಕ್ಕುಗಟ್ಟುತ್ತದೆ.

ಇನ್ನು ಉಬ್ಬುವ ಪುಟದ ವಿಷಯ. ನೀರು ಹೀರಿದ ನಾರು ಉದ್ದಕ್ಕಿಂತ ದಪ್ಪದಲ್ಲಿ ಬಹಳ ಹೆಚ್ಚು ಹಿಗ್ಗುತ್ತದೆ, ಆದ್ದರಿಂದ ಹಾಳೆ ನಾರಿಗೆ ಅಡ್ಡ ದಿಕ್ಕಿನಲ್ಲಿ ಹಿಗ್ಗುತ್ತದೆ. ಪಿವಿಎ ಎಂಬ ಬಿಳಿ ಅಂಟಿನಲ್ಲಿ ನೀರಿನ ಪಾಲು ದೊಡ್ಡದು. ಅದನ್ನು ಧಾರಾಳವಾಗಿ ಹಚ್ಚಿದಾಗ ಒದ್ದೆಯಾದ ಹಾಳೆ ಹಿಗ್ಗಿದ ಸ್ಥಿತಿಯಲ್ಲಿಯೇ ಅಂಟಿಕೊಂಡು, ಒಣಗುವಾಗ ಕುಗ್ಗುತ್ತಾ ಕೆಳಗಿನ ಪುಟವನ್ನೂ ಎಳೆಯುತ್ತದೆ. ನೀವು ಕಾಣುವ ಅಲೆಗಳು ಈ ಎಳೆದಾಟದ ಗುರುತು. ಪರಿಹಾರವೆಂದರೆ ನೀರನ್ನು ಕಡಿಮೆ ಮಾಡುವುದು. ಫೋಟೊ, ಅಲಂಕಾರದ ತುಂಡು, ಶೀರ್ಷಿಕೆ ಪಟ್ಟಿ ಮುಂತಾದ ಭಾರವಿಲ್ಲದ ವಸ್ತುಗಳಿಗೆ ಡಬಲ್ ಸೈಡ್ ಟೇಪ್ ಅಥವಾ ಗ್ಲೂ ಸ್ಟಿಕ್ ಬಳಸಿ, ಬಿಳಿ ಅಂಟನ್ನು ಡಬ್ಬಿಯ ಅಂಚುಗಳಂಥ ಬಲ ಬೇಕಾದ ಕಡೆಗೆ ಮೀಸಲಿಡಿ. ದೊಡ್ಡ ಹಾಳೆಯನ್ನು ಬಿಳಿ ಅಂಟಿನಿಂದಲೇ ಅಂಟಿಸಬೇಕಾಗಿ ಬಂದರೆ ಬ್ರಶ್ಶಿನಿಂದ ತೆಳುವಾಗಿ, ನಡುವಿನಿಂದ ಅಂಚಿನ ಕಡೆಗೆ ಹರಡಿ, ಎರಡೂ ಹಾಳೆಗಳ ನಾರು ಒಂದೇ ದಿಕ್ಕಿಗಿರುವಂತೆ ನೋಡಿಕೊಂಡು, ಮೇಲೆ ಕೆಳಗೆ ಮೇಣದ ಕಾಗದವಿಟ್ಟು ಭಾರವಾದ ಪುಸ್ತಕಗಳಡಿ ರಾತ್ರಿಯಿಡೀ ಒಣಗಲು ಬಿಡಿ. ರಟ್ಟಿನ ಹೊದಿಕೆಗೆ ಒಂದೇ ಮುಖದ ಮೇಲೆ ಕಾಗದ ಅಂಟಿಸಿದರೆ ಅದು ಆ ಕಡೆಗೇ ಬಾಗುತ್ತದೆ, ಹಿಂಬದಿಗೂ ಅಷ್ಟೇ ತೂಕದ ಕಾಗದ ಅಂಟಿಸಿದರೆ ಎರಡು ಎಳೆತಗಳೂ ಸಮವಾಗಿ ರಟ್ಟು ನೇರವಾಗುತ್ತದೆ. ಅಂಟಿನ ಈ ಕಿರಿಕಿರಿ ಹೊಸದೇನೂ ಅಲ್ಲ. ಅಮೆರಿಕದ ಲೇಖಕ ಮಾರ್ಕ್ ಟ್ವೈನ್ 1873ರಲ್ಲಿ ಪುಟಗಳಿಗೆ ಮೊದಲೇ ಅಂಟು ಬಳಿದು ಒಣಗಿಸಿದ, ಒದ್ದೆ ಮಾಡಿದೊಡನೆ ಕತ್ತರಿಕೆ ಅಂಟಿಕೊಳ್ಳುವಂಥ ಸ್ಕ್ರ್ಯಾಪ್‌ಬುಕ್ಕಿಗೆ ಪೇಟೆಂಟ್ ಪಡೆದಿದ್ದರು.

ಫೋಟೊಗಳಿರುವ ಪುಟದಲ್ಲಿ ಅಂದಕ್ಕಿಂತ ಮೊದಲು ಬಾಳಿಕೆಯನ್ನು ಯೋಚಿಸಬೇಕು. ಮರದ ತಿರುಳಿನಲ್ಲಿ ಲಿಗ್ನಿನ್ ಎಂಬ ಪದಾರ್ಥ ಉಳಿದುಕೊಂಡಿದ್ದರೆ ಬೆಳಕು ಮತ್ತು ಗಾಳಿಯ ಸಂಪರ್ಕದಿಂದ ಕಾಗದ ಹಳದಿಗಟ್ಟುತ್ತದೆ. ಆಮ್ಲೀಯ ಕಾಗದ ಕಾಲಕ್ರಮೇಣ ತಾನೂ ಪೆಡಸಾಗುತ್ತದೆ, ತನಗೆ ತಾಗಿರುವುದನ್ನೂ ಕೆಡಿಸುತ್ತದೆ. ಪುಟಕ್ಕೆ ಆಮ್ಲರಹಿತ ಮತ್ತು ಲಿಗ್ನಿನ್‌ರಹಿತ ಎಂದು ನಮೂದಿಸಿರುವ ಕಾಗದ ಬಳಸಿ. ಕಾಗದ, ಅಂಟು ಮುಂತಾದವು ಫೋಟೊಗೆ ಹಾನಿ ಮಾಡುತ್ತವೆಯೇ ಎಂದು ಪರಿಶೀಲಿಸಲು ಐಎಸ್ಒ 18916 ಎಂಬ ಪರೀಕ್ಷಾ ಮಾನದಂಡವೇ ಇದೆ, ಅದರಲ್ಲಿ ತೇರ್ಗಡೆಯಾದ ಸಾಮಗ್ರಿ ಸಿಕ್ಕರೆ ಇನ್ನೂ ಒಳ್ಳೆಯದು. ಪತ್ರಿಕೆಯ ಕತ್ತರಿಕೆಯಲ್ಲಿ ಲಿಗ್ನಿನ್ ಹೇರಳವಾಗಿರುತ್ತದೆ. ಅದನ್ನು ಒಳ್ಳೆಯ ಕಾಗದದ ಮೇಲೆ ಪ್ರತಿ ತೆಗೆದು ಆ ಪ್ರತಿಯನ್ನು ಅಂಟಿಸಿ. ರಬ್ಬರ್ ಅಂಟು, ಸಾಮಾನ್ಯ ಪಾರದರ್ಶಕ ಸೆಲ್ಲೊ ಟೇಪ್, ಪಿವಿಸಿ ಪ್ಲಾಸ್ಟಿಕ್ಕಿನ ಹೊದಿಕೆ ಈ ಮೂರನ್ನೂ ಫೋಟೊದಿಂದ ದೂರವಿಡಿ. ಪುಟವನ್ನು ಕಾಪಾಡಲು ಪಾಲಿಪ್ರೊಪಿಲೀನ್ ಹೊದಿಕೆ ಸೂಕ್ತ.

ಮೂಲ ಫೋಟೊವನ್ನು, ಅದರಲ್ಲೂ ನೆಗೆಟಿವ್ ಇಲ್ಲದ ಹಳೆಯ ಫೋಟೊವನ್ನು, ಹೃದಯದ ಆಕಾರಕ್ಕೋ ವೃತ್ತಕ್ಕೋ ಕತ್ತರಿಸುವುದನ್ನು ನಾನು ಒಪ್ಪುವುದಿಲ್ಲ. ಕತ್ತರಿಸಲೇಬೇಕಿದ್ದರೆ ಪ್ರತಿಯನ್ನು ಕತ್ತರಿಸಿ, ಮೂಲವನ್ನು ಮೂಲೆಪಟ್ಟಿಗಳಲ್ಲಿ ಸಿಕ್ಕಿಸಿಡಿ. ಮೂಲೆಪಟ್ಟಿಯನ್ನು ನೀವೇ ಮಾಡಿಕೊಳ್ಳಬಹುದು. 2 × 4 ಸೆ.ಮೀ. ಪಟ್ಟಿಯ ಉದ್ದನೆಯ ಒಂದು ಅಂಚಿನ ನಡುಬಿಂದುವನ್ನು ಗುರುತಿಸಿ, ಆ ಬಿಂದುವಿನಿಂದ ಎರಡೂ ಬದಿಗಳನ್ನು ಕೆಳಗೆ ಮಡಿಸಿದರೆ ತ್ರಿಕೋನವೊಂದು ಸಿದ್ಧವಾಗುತ್ತದೆ. ಫೋಟೊದ ಮೂಲೆಯನ್ನು ಅದರ ಜೇಬಿನಂಥ ಮಡಿಕೆಯೊಳಗೆ ತೂರಿಸಿ, ತ್ರಿಕೋನದ ಹಿಂಬದಿಗೆ ಮಾತ್ರ ಅಂಟು ಹಚ್ಚಿ ಪುಟಕ್ಕೆ ಒತ್ತಿ. ಅಂಟು ಫೋಟೊಗೆ ತಾಗುವುದೇ ಇಲ್ಲ, ಬೇಕಾದಾಗ ಫೋಟೊ ಹೊರತೆಗೆಯಬಹುದು.

ಪುಟದ ಅಲಂಕಾರದ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ಸ್ಕ್ರ್ಯಾಪ್‌ಬುಕ್ ಪುಟ ಸಾಮಾನ್ಯವಾಗಿ 12 ಇಂಚಿನ ಚೌಕ, ಅಂದರೆ ಸುಮಾರು 30.5 ಸೆ.ಮೀ. ಇರುತ್ತದೆ. 10 × 15 ಸೆ.ಮೀ. ಫೋಟೊದ ಹಿಂದೆ 10.6 × 15.6 ಸೆ.ಮೀ. ಬಣ್ಣದ ಹಾಳೆ ಇಟ್ಟರೆ ಸುತ್ತಲೂ 3 ಮಿ.ಮೀ. ಚೌಕಟ್ಟು ಕಾಣುತ್ತದೆ, ಇಷ್ಟರಿಂದಲೇ ಫೋಟೊ ಹಿನ್ನೆಲೆಯಿಂದ ಬೇರ್ಪಟ್ಟು ನಿಲ್ಲುತ್ತದೆ. ಒಂದೆರಡು ತುಂಡುಗಳನ್ನು ಫೋಮ್ ಟೇಪಿನ ಮೇಲೆ ಎತ್ತರಿಸಿ ಕೂರಿಸಿದರೆ ಸಣ್ಣ ನೆರಳು ಬಿದ್ದು ಪುಟಕ್ಕೆ ಆಳ ಬರುತ್ತದೆ, ಆದರೆ ಎಲ್ಲವನ್ನೂ ಎತ್ತರಿಸಿದರೆ ಆಲ್ಬಮ್ ಮುಚ್ಚುವುದೇ ಇಲ್ಲ. ಕ್ವಿಲ್ಲಿಂಗ್ ಎಂಬ ಕಾಗದದ ಸುರುಳಿ ಕಲೆ ಕಾರ್ಡಿಗೆ ಚೆನ್ನಾಗಿ ಒಪ್ಪುತ್ತದೆ, ಪುಟಗಳು ಒಂದರ ಮೇಲೊಂದು ಒತ್ತುವ ಆಲ್ಬಮ್ಮಿಗೆ ಒಪ್ಪುವುದಿಲ್ಲ.

ಎದ್ದು ನಿಲ್ಲುವ ಕಾರ್ಡಿಗೆ ಬರೋಣ. ಎಲ್ಲಕ್ಕಿಂತ ಸುಲಭವಾದದ್ದು ಮೆಟ್ಟಿಲಿನ ವಿಧಾನ. ಎ5 ತುಂಡನ್ನು ಎ6 ಗಾತ್ರಕ್ಕೆ ಮಡಿಸಿ, ಮಡಿಕೆ ಅಡ್ಡಲಾಗಿರುವಂತೆ ತೆರೆದಿಡಿ. ಮಡಿಕೆಯನ್ನು ದಾಟಿಹೋಗುವಂತೆ ಮೇಲೆ 40, ಕೆಳಗೆ 40 ಮಿ.ಮೀ. ಉದ್ದದ ಎರಡು ಸೀಳುಗಳನ್ನು 30 ಮಿ.ಮೀ. ಅಂತರದಲ್ಲಿ ಸಮಾನಾಂತರವಾಗಿ ಹಾಕಿ. ಸೀಳುಗಳ ಮೇಲಿನ ತುದಿಗಳನ್ನು ಸೇರಿಸುವ ಒಂದು ಒತ್ತುಗೆರೆ, ಕೆಳಗಿನ ತುದಿಗಳನ್ನು ಸೇರಿಸುವ ಇನ್ನೊಂದು ಒತ್ತುಗೆರೆ ಎಳೆಯಿರಿ. ಕಾರ್ಡನ್ನು ಲಂಬಕೋನಕ್ಕೆ ತೆರೆದು ನಡುವಿನ ಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ತಳ್ಳಿದರೆ ಅದರ ಮಡಿಕೆ ತಿರುಗುಮುರುಗಾಗಿ ಮೆಟ್ಟಿಲೊಂದು ಎದ್ದು ನಿಲ್ಲುತ್ತದೆ. ನಿಮ್ಮ ಹೂವನ್ನೋ ಹಕ್ಕಿಯನ್ನೋ ಹೆಸರನ್ನೋ ಈ ಮೆಟ್ಟಿಲಿನ ಮುಂಬದಿಗೆ ಅಂಟಿಸಿ.

ಇದರ ಗಣಿತ ಸರಳವಾದರೂ ಅದನ್ನು ಮರೆತವರ ಕಾರ್ಡ್ ಮುಚ್ಚಿದಾಗ ಒಳಗಿನ ಆಕೃತಿ ಹೊರಗೆ ಇಣುಕುತ್ತದೆ. ಕಾರ್ಡ್ ಮುಚ್ಚಿದಾಗ ಮೆಟ್ಟಿಲಿನ ಏಣು ಮಡಿಕೆಯಿಂದ ಮೇಲಿನ ಸೀಳು ಮತ್ತು ಕೆಳಗಿನ ಸೀಳು ಎರಡರ ಉದ್ದ ಕೂಡಿದಷ್ಟು ದೂರಕ್ಕೆ ಹೋಗುತ್ತದೆ. ಮೇಲಿನ ಉದಾಹರಣೆಯಲ್ಲಿ 40 ಮತ್ತು 40 ಸೇರಿ 80. ಮಡಿಕೆಯಿಂದ ಅಂಚಿನವರೆಗೆ 105 ಮಿ.ಮೀ. ಇರುವುದರಿಂದ ಏಣು ಒಳಗೇ ಉಳಿಯುತ್ತದೆ. 60 ಮತ್ತು 60 ಆದರೆ 15 ಮಿ.ಮೀ. ಹೊರಗೆ ಚಾಚುತ್ತದೆ. ಅಂಟಿಸುವ ಆಕೃತಿ ಮೆಟ್ಟಿಲಿಗಿಂತ ಎತ್ತರವಿದ್ದರೆ ಅದಕ್ಕೂ ಜಾಗ ಬಿಡಬೇಕು. ಎರಡು ಬದಿಗಳೂ ಸಮನಾಗಿರಬೇಕೆಂಬ ನಿಯಮವೂ ಇಲ್ಲ. ಮೇಲೆ 50, ಕೆಳಗೆ 30 ಮಿ.ಮೀ. ಸೀಳಿದರೆ 50 ಎತ್ತರದ, 30 ಮುಂದಕ್ಕೆ ಚಾಚಿದ ಮೆಟ್ಟಿಲು ಬರುತ್ತದೆ. ಆಗ ಪಟ್ಟಿಯ ಹೊಸ ಮಡಿಕೆ ಕಾರ್ಡಿನ ನಡುಗೆರೆಯ ಮೇಲಲ್ಲ, ಅದಕ್ಕಿಂತ 20 ಮಿ.ಮೀ. ಮೇಲೆ ಬೀಳಬೇಕು. ಹಾಗಾಗಿ ಪಟ್ಟಿಯಿರುವ ಜಾಗದಲ್ಲಿ ನಡುಗೆರೆಗೆ ಮೊದಲೇ ಮಡಿಕೆ ಹಾಕಿಬಿಡಬೇಡಿ. ಜಪಾನಿನ ವಾಸ್ತುಶಿಲ್ಪಿ ಮಸಾಹಿರೊ ಚತಾನಿ 1980ರ ದಶಕದ ಆರಂಭದಲ್ಲಿ ಬೆಳೆಸಿದ ಕಾಗದದ ಕಟ್ಟಡಗಳ ಕಲೆಯಲ್ಲಿಯೂ ಇದೇ ಸೀಳು ಮತ್ತು ಮಡಿಕೆಯ ತತ್ವ ಕೆಲಸ ಮಾಡುತ್ತದೆ. ಸೀಳಿದ ಜಾಗದಲ್ಲಿ ಕಿಂಡಿ ಕಾಣುವುದರಿಂದ ಹೊರಗೆ ಇನ್ನೊಂದು ಮಡಿಸಿದ ಹಾಳೆಯನ್ನು ಹೊದಿಕೆಯಾಗಿ ಅಂಟಿಸಿ. ಅಂಟು ಮೆಟ್ಟಿಲಿನ ಹಿಂದಕ್ಕೆ ಹರಿಯದಂತೆ ನೋಡಿಕೊಳ್ಳಿ.

ಕೈ ಪಳಗಿದ ಮೇಲೆ ಇಂಗ್ಲಿಷಿನ ವಿ ಅಕ್ಷರದಂತೆ ನಿಲ್ಲುವ ಆಕೃತಿಯನ್ನು ಪ್ರಯತ್ನಿಸಬಹುದು. ನಡುವೆ ಮಡಿಸಿದ ಆಕೃತಿಯ ಬುಡದಲ್ಲಿ ಎರಡು ಅಂಟುಕಿವಿಗಳನ್ನು ಬಿಟ್ಟು, ಆಕೃತಿಯ ಮಡಿಕೆ ಕಾರ್ಡಿನ ಮಡಿಕೆಯ ಮೇಲೆಯೇ ಬರುವಂತೆ, ಎರಡು ಕಿವಿಗಳೂ ಮಡಿಕೆಯಿಂದ ಒಂದೇ ಕೋನದಲ್ಲಿ ಹೊರಡುವಂತೆ ಅಂಟಿಸಬೇಕು. ಕೋನಗಳು ಬೇರೆಯಾದರೆ ಆಕೃತಿ ಓರೆಯಾಗುತ್ತದೆ ಅಥವಾ ಕಾರ್ಡ್ ಪೂರ್ತಿ ತೆರೆಯುವುದಿಲ್ಲ.

ಡಬ್ಬಿಗೆ ಮುನ್ನ ಕತ್ತರಿಸುವ ಬಗ್ಗೆ ಒಂದು ಮಾತು. ನೇರ ಗೆರೆಗೆ ಕತ್ತರಿಗಿಂತ ಕಟರ್ ಮೇಲು. ಕೆಳಗೆ ಕಟಿಂಗ್ ಮ್ಯಾಟ್, ಪಕ್ಕದಲ್ಲಿ ಲೋಹದ ಸ್ಕೇಲ್ ಇರಲಿ. ದಪ್ಪ ಹಾಳೆಯನ್ನು ಒಂದೇ ಎಳೆತಕ್ಕೆ ಕೊಯ್ಯದೆ ಮೂರು ನಾಲ್ಕು ಹಗುರ ಎಳೆತಗಳಲ್ಲಿ ಕೊಯ್ಯಿರಿ. ಕಾಗದದ ಅಂಚು ನಯವಾಗದೆ ನಾರು ನಾರಾಗಿ ಎದ್ದರೆ ಬ್ಲೇಡ್ ಮೊಂಡಾಗಿದೆ. ಮೊಂಡ ಬ್ಲೇಡಿಗೆ ಹೆಚ್ಚು ಬಲ ಹಾಕಬೇಕಾಗುವುದರಿಂದ ಬೆರಳಿಗೆ ಅದೇ ಹೆಚ್ಚು ಅಪಾಯಕಾರಿ.

ಚೌಕ ಡಬ್ಬಿಯ ಸೂತ್ರ ಹೀಗಿದೆ: ಹಾಳೆಯ ಬದಿ ಎಂದರೆ ತಳದ ಬದಿಗೆ ಎತ್ತರದ ಎರಡರಷ್ಟನ್ನು ಕೂಡಿಸಿದ್ದು. ತಳ 10, ಎತ್ತರ 4 ಸೆ.ಮೀ. ಬೇಕಾದರೆ 18 ಸೆ.ಮೀ. ಚೌಕ ಕತ್ತರಿಸಿ, ನಾಲ್ಕು ಅಂಚುಗಳಿಂದಲೂ 4 ಸೆ.ಮೀ. ಒಳಗೆ ಒತ್ತುಗೆರೆ ಎಳೆಯಿರಿ. ಮೂಲೆಯ ನಾಲ್ಕು ಸಣ್ಣ ಚೌಕಗಳ ಒಂದೊಂದು ಬದಿಯನ್ನು ಮಾತ್ರ ಸೀಳಿದರೆ ಅವೇ ಅಂಟುಕಿವಿಗಳಾಗುತ್ತವೆ. ಅವುಗಳ ಅಂಚನ್ನು ತುಸು ಓರೆಯಾಗಿ ಕತ್ತರಿಸಿದರೆ ಮೂಲೆಯಲ್ಲಿ ಇಣುಕುವುದಿಲ್ಲ. ಮುಚ್ಚಳಕ್ಕೂ 10 ಸೆ.ಮೀ. ಅಳತೆಯನ್ನೇ ಇಟ್ಟರೆ ಅದು ಕೂರುವುದಿಲ್ಲ. ಡಬ್ಬಿಯ ಗೋಡೆಗಳು, ಮುಚ್ಚಳದ ಗೋಡೆಗಳು ಮತ್ತು ಅದರೊಳಗೆ ಅಂಟಿಸಿದ ಕಿವಿಗಳು ಸೇರಿ ಒಂದೆರಡು ಮಿ.ಮೀ. ಜಾಗ ನುಂಗುತ್ತವೆ. ಆದ್ದರಿಂದ 250 ಜಿ.ಎಸ್.ಎಂ. ಕಾಗದಕ್ಕೆ ಮುಚ್ಚಳದ ತಳವನ್ನು 3 ಮಿ.ಮೀ. ಹೆಚ್ಚಿಸಿ 10.3 ಸೆ.ಮೀ. ಮಾಡಿ, ಮುಚ್ಚಳದ ಎತ್ತರ 2.5 ಸೆ.ಮೀ. ಆದರೆ ಹಾಳೆ 15.3 ಸೆ.ಮೀ. ಚೌಕವಾಗುತ್ತದೆ. 300 ಜಿ.ಎಸ್.ಎಂ.ಗೆ 4 ಮಿ.ಮೀ. ಬಿಡಿ. ಡಬ್ಬಿಗೆ ಬಣ್ಣದ ಕಾಗದ ಹೊದಿಸುವುದಿದ್ದರೆ ಹೊದಿಸಿ ಒಣಗಿದ ಮೇಲೆ ಹೊರ ಅಳತೆ ತೆಗೆದುಕೊಂಡು ಆ ಬಳಿಕವೇ ಮುಚ್ಚಳ ಕತ್ತರಿಸಿ. ಡಬ್ಬಿಯಲ್ಲಿ ಮಡಿಕೆಗಳು ಎರಡೂ ದಿಕ್ಕಿಗೆ ಬರುವುದರಿಂದ ಅರ್ಧದಷ್ಟು ಮಡಿಕೆಗಳು ನಾರಿಗೆ ಅಡ್ಡವೇ ಬೀಳುತ್ತವೆ. ಆ ಗೆರೆಗಳನ್ನು ಇನ್ನೊಮ್ಮೆ ಹೆಚ್ಚಾಗಿ ಒತ್ತಿ ಎಳೆಯಿರಿ.

ಅಂಟಿಲ್ಲದ ಡಬ್ಬಿ ಬೇಕೆಂದರೆ ಒರಿಗಾಮಿಯ ಮಸು ಡಬ್ಬಿ ಇದೆ. ಚೌಕ ಹಾಳೆಯ ನಾಲ್ಕು ಮೂಲೆಗಳನ್ನು ನಡುಬಿಂದುವಿಗೆ ಮಡಿಸಿ ಆರಂಭಿಸುವ ಈ ಡಬ್ಬಿಯ ತಳದ ಬದಿ ಹಾಳೆಯ ಬದಿಯ ಸುಮಾರು 0.354 ಪಾಲು, ಎತ್ತರ ಅದರ ಅರ್ಧ. 15 ಸೆ.ಮೀ. ಹಾಳೆಯಿಂದ 5.3 ಸೆ.ಮೀ. ತಳ, 2.65 ಸೆ.ಮೀ. ಎತ್ತರದ ಡಬ್ಬಿ ಬರುತ್ತದೆ. ಇಲ್ಲಿ ಮುಚ್ಚಳದ ತಪ್ಪು ಇನ್ನೊಂದು ಬಗೆಯದು: ಹಾಳೆಯನ್ನು 3 ಮಿ.ಮೀ. ದೊಡ್ಡದು ಮಾಡಿದರೆ ತಳ ಕೇವಲ ಒಂದು ಮಿ.ಮೀ. ಹೆಚ್ಚುತ್ತದೆ. ತಳದಲ್ಲಿ 3 ಮಿ.ಮೀ. ಸಿಗಬೇಕಾದರೆ ಮುಚ್ಚಳದ ಹಾಳೆ 8ರಿಂದ 9 ಮಿ.ಮೀ. ದೊಡ್ಡದಿರಬೇಕು. ಹಲವು ಪದರಗಳು ಬರುವುದರಿಂದ 80ರಿಂದ 120 ಜಿ.ಎಸ್.ಎಂ. ಕಾಗದವೇ ಇದಕ್ಕೆ ತಕ್ಕದ್ದು.

ಇನ್ನು ಯಂತ್ರ. ಒಂದೇ ಆಕಾರದ ಹತ್ತಾರು ತುಂಡುಗಳು ಬೇಕಾದಾಗ, ಅಥವಾ ಬ್ಲೇಡ್ ತಿರುಗಿಸಲಾಗದಷ್ಟು ಸೂಕ್ಷ್ಮವಾದ ಜಾಲರಿ ಚಿತ್ರ ಕತ್ತರಿಸಬೇಕಾದಾಗ ಅದು ನಿಜವಾಗಿಯೂ ನೆರವಾಗುತ್ತದೆ. ನೀವು ಈಗ ಮಾಡುತ್ತಿರುವ ಕೆಲಸಕ್ಕೆ ಕಟರ್, ಲೋಹದ ಸ್ಕೇಲ್, ಮ್ಯಾಟ್ ಮತ್ತು ಖಾಲಿ ಬಾಲ್‌ಪೆನ್ ಸಾಕು. ಮುಂದೆ ಕೊಳ್ಳುವುದೇ ಆದರೆ ಅದು 12 ಇಂಚಿನ ಹಾಳೆಯನ್ನು ತೆಗೆದುಕೊಳ್ಳುತ್ತದೆಯೇ, 300 ಜಿ.ಎಸ್.ಎಂ. ಕಾಗದವನ್ನು ಕತ್ತರಿಸುತ್ತದೆಯೇ, ಒತ್ತುಗೆರೆ ಎಳೆಯುವ ಮೊನೆ ಅದರೊಂದಿಗೆ ಬರುತ್ತದೆಯೇ ಎಂದು ಮೊದಲೇ ವಿಚಾರಿಸಿ; ಕೊನೆಯದು ಇಲ್ಲದಿದ್ದರೆ ಮಡಿಕೆಯ ಗೆರೆಗಳನ್ನೆಲ್ಲ ನೀವು ಮತ್ತೆ ಕೈಯಲ್ಲೇ ಎಳೆಯಬೇಕಾಗುತ್ತದೆ.